ಕೈತಪ್ಪಿದ ಲವಂಗ

ಊರಿಗೆ ಹೊಸದಾಗಿ ಬಂದಿದ್ದ ಸೋಪಿನ ಏಜೆಂಟರೊಬ್ಬರು ನಮ್ಮ ಹೋಟೆಲಿನಲ್ಲಿ ದೋಸೆ ತಿಂದು, ಕೈ ತೊಳೆದು, ಬಿಲ್ಲಿನ ತಟ್ಟೆಯಲ್ಲಿ ಒಂದು ನಾಣ್ಯ ಬಿಟ್ಟು ಎದ್ದು ಹೋದರು. ನಾನು ಅದನ್ನು ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೂ ಓಡಿದೆ. ಅವರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು.

"ಸಾರ್, ಇದು ಬಿಟ್ಟು ಬಂದ್ರಿ."

"ಮರ್ತು ಬಿಟ್ಟಿದ್ದಲ್ಲಪ್ಪ, ನಿನಗೇ ಅಂತ ಬಿಟ್ಟಿದ್ದು. ಟಿಪ್ಸು."

"ಬೇಡ ಸಾರ್. ಇಲ್ಲಿ ಕೊಡೋರು ನಾವು."

"ಯಾರು ನಾವು?"

"ಬಡಿಸೋರು, ಸಾರ್. ತಿಂದೋರಿಗೆ ಕೊಡ್ತೀವಿ."

ಅವರು ಜೋರಾಗಿ ನಕ್ಕರು. "ಗಿರಾಕಿಗೇ ಟಿಪ್ಸಾ? ಒಳ್ಳೆ ಊರು ಕಣಯ್ಯ ನಿಮ್ದು! ನಮ್ ಕಡೆ ಕೊಡ್ದೆ ಎದ್ರೆ ಬಾಗಿಲು ದಾಟೋವರ್ಗೂ ಬೆನ್ನು ಉರೀತಿರುತ್ತೆ. ಎಷ್ಟು ಕೊಟ್ರೆ ಕಮ್ಮಿ, ಎಷ್ಟು ಕೊಟ್ರೆ ಜಾಸ್ತಿ ಅಂತ ಲೆಕ್ಕ ಹಾಕಿ ಹಾಕಿ ತಿಂದಿದ್ದೆಲ್ಲ ಕರಗಿಹೋಗುತ್ತೆ. ನೀವು ಪುಣ್ಯವಂತರು." ನಾಣ್ಯ ಜೇಬಿಗೆ ಹಾಕಿಕೊಂಡು ಅವರು ಬಸ್ಸು ಹತ್ತಿದರು. ನಮ್ಮೂರಲ್ಲೂ ಬೆನ್ನು ಉರಿಯುತ್ತದೆ, ಉರಿಯುವುದು ಬಡಿಸುವವನದು ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಬಸ್ಸು ಹೊರಟಿತು. ಹೇಳಬೇಕಾದ ಮಾತು ನನಗೆ ಹೊಳೆಯುವುದು ಯಾವಾಗಲೂ ಬಸ್ಸು ಹೊರಟ ಮೇಲೆಯೇ.

ನಮ್ಮೂರಲ್ಲಿ ಇನ್ನೊಬ್ಬರ ಕೆಲಸ ಮಾಡಿಕೊಟ್ಟು ಬದುಕುವವರಿಗೆ, ಅಂದರೆ ಸಪ್ಲೈಯರಿಗೆ, ಟೈಲರಿಗೆ, ಕಂಡಕ್ಟರಿಗೆ, ಪೇಪರು ಹಾಕುವವರಿಗೆ, ಗುರುವಾರ ಬೆಳಿಗ್ಗೆ ಎದ್ದಾಗ ಅಂಗೈಯಲ್ಲಿ ಒಂದು ಲವಂಗ ಇರುತ್ತದೆ. ಒಂದೇ ಒಂದು. ಅದನ್ನು ಆ ದಿನ ದೀಪ ಹಚ್ಚುವುದರೊಳಗೆ, ತಮ್ಮಿಂದ ಕೆಲಸ ಮಾಡಿಸಿಕೊಂಡವರಲ್ಲಿ ಯಾರಾದರೂ ಒಬ್ಬರಿಗೆ ಕೊಡಬೇಕು. ಪಡೆದವರ ಕೈ ಒಂಬತ್ತು ದಿನ ಘಮ್ಮೆನ್ನುತ್ತದೆ. ಅಂಗಡಿಯಲ್ಲಿ ಕೊಂಡ ಲವಂಗಕ್ಕೆ ಆ ಘಮವಿಲ್ಲ. ಬಾಯಿಬಿಟ್ಟು ಕೇಳಿ ಪಡೆದರೂ ಇಲ್ಲ. ಗದರಿಸಿ ಕಿತ್ತುಕೊಂಡರಂತೂ ಇಲ್ಲವೇ ಇಲ್ಲ. ಕೊಡದೆ ಇಟ್ಟುಕೊಂಡರೆ ಇಟ್ಟುಕೊಂಡವರ ನಾಲಿಗೆಯ ತುದಿ ಜೋಮು ಹಿಡಿಯುತ್ತದೆ, ಯಾರಿಗಾದರೂ ಒಂದನ್ನು ಕೊಡುವವರೆಗೆ ಬಿಡುವುದಿಲ್ಲ.

ಹಾಗಾಗಿ ಗುರುವಾರ ನಮ್ಮೂರಿನಷ್ಟು ಸಭ್ಯವಾದ ಊರು ಇನ್ನೊಂದಿಲ್ಲ. ಬಸ್ಸಿನಲ್ಲಿ ಜನ ಸರಿಯಾದ ಚಿಲ್ಲರೆ ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. ಹೋಟೆಲಿನಲ್ಲಿ "ನಿಧಾನಕ್ಕೆ ತನ್ನಿ, ಅವಸರ ಇಲ್ಲ" ಎನ್ನುತ್ತಾರೆ. ನಮ್ಮ ಯಜಮಾನರಾದ ಐತಾಳರು ನಾನು ಕೆಲಸಕ್ಕೆ ಸೇರಿದ ವಾರವೇ ಹೇಳಿಕೊಟ್ಟಿದ್ದರು: "ಗುರುವಾರದ ಗಿರಾಕಿಯನ್ನು ನೋಡಿ ಕೊಡಬೇಡ ಮಾರಾಯ. ಬುಧವಾರ ಹೇಗಿದ್ದ ಅಂತ ನೆನಪಿಟ್ಟುಕೊ."

ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ. ನನ್ನ ಹೆಸರು ಉಗ್ರಪ್ಪ. ಉಗ್ರವಾದದ್ದು ನನ್ನಲ್ಲಿ ಇರುವುದು ಆ ಹೆಸರೊಂದೇ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವ ಜಾತಿ ನನ್ನದು. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಶಾಲೆಯಲ್ಲಿ ಆರು ವರ್ಷ ಓದಿ ಪಾಸಾದವನು. ಅಲ್ಲಿ ಕನ್ನಡ ಹೇಳಿಕೊಡುತ್ತಿದ್ದ ಮೇಷ್ಟ್ರು ಸರಿಯುತ್ತರದ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದರು. ಲವಂಗ ಕೊಟ್ಟ ಮೇಲೆ ಹಾಗೆ ಯಾರೂ ಗೆರೆ ಎಳೆಯುವುದಿಲ್ಲ. ನಗುನಗುತ್ತಾ ಮಾತಾಡಿಸಿದವರಿಗೆ ಕೊಟ್ಟರೆ, ಮಾತು ಬಾರದ ಒಳ್ಳೆಯವರಿಗೆ ಅನ್ಯಾಯವಾಯಿತೇ? ನಿನ್ನೆ ಬಯ್ದವರ ಮನೆಯಲ್ಲಿ ಏನು ಕಷ್ಟವಿತ್ತೋ? ಇವರಿಗೆ ಕೊಡಲು ನಾನು ಯಾರು? ಸೇರಿದ ಹೊಸದರಲ್ಲಿ ಹೀಗೆ ಯೋಚಿಸುತ್ತಾ ಯೋಚಿಸುತ್ತಾ ದೀಪ ಹಚ್ಚುವ ಹೊತ್ತು ಮೀರಿ ಹೋಯಿತು. ಮಾರನೆಯ ದಿನದಿಂದ ನನ್ನ ಬಾಯಲ್ಲಿ ಇಡ್ಲಿ ಬರಲಿಲ್ಲ, ವಡೆ ಬರಲಿಲ್ಲ, ಉಪ್ಪಿಟ್ಟು ಬರಲಿಲ್ಲ. ನಾಲಿಗೆಯ ತುದಿ ತಾಗದ ಎರಡೇ ಮಾತು ನೆಟ್ಟಗೆ ಹೊರಡುತ್ತಿದ್ದವು. "ಬೇಕಾ? ಕಾಫಿ?" ಎಂದು ಇಡೀ ವಾರ ಮೇಜಿನಿಂದ ಮೇಜಿಗೆ ಕೇಳುತ್ತಾ ಓಡಾಡಿದೆ. ಜನ ನಕ್ಕು ನಕ್ಕು ಕಾಫಿಯನ್ನೇ ಕುಡಿದರು. ಅಂದಿನಿಂದ ಎಂಥ ಅನುಮಾನವಿದ್ದರೂ ಗುರುವಾರ ಮಧ್ಯಾಹ್ನದೊಳಗೆ ಯಾರಿಗಾದರೂ ಕೊಟ್ಟುಬಿಡುತ್ತೇನೆ. ಕೊಟ್ಟ ಮೇಲೆ ಮುಂದಿನ ಗುರುವಾರದವರೆಗೆ ಅದು ಸರಿಯೋ ತಪ್ಪೋ ಎಂದು ಕೊರಗುತ್ತೇನೆ.

ಆದರೆ ಆ ವಾರ ಮಾತ್ರ ನನಗೆ ಅನುಮಾನವೇ ಇರಲಿಲ್ಲ. ಲವಂಗ ಕೆಂಪಮ್ಮನಿಗೆ.

ಕೆಂಪಮ್ಮ ಸೈಕಲ್ಲಿನಲ್ಲಿ ಮನೆಮನೆಗೆ ಪೇಪರು ಹಾಕುವ ಹೆಂಗಸು. ಪೇಪರೆಲ್ಲ ಮುಗಿಸಿ, ನಮ್ಮಲ್ಲಿ ಏಳನೇ ಮೇಜಿನಲ್ಲಿ ಕೂತು ಒಂದು ಕಾಫಿ ಕುಡಿದು ಹೋಗುತ್ತಿದ್ದಳು. ಗುಡ್ಡದ ಬೀದಿಯ ಏರು ತುಳಿದು ತುಳಿದು ಮಂಡಿ ಹೋಗಿತ್ತು. ಊರಿಗೆ ನೀರು ಬಿಡುವ ನೀರುಗಂಟಿಯ ಕೆಲಸ ಖಾಲಿಯಾಗಿತ್ತು. ಅದು ಸಿಕ್ಕರೆ ಸೈಕಲ್ ತುಳಿಯುವುದು ತಪ್ಪುತ್ತಿತ್ತು. ಶನಿವಾರ ನೀರಿನ ಮನೆಯಲ್ಲಿ ಹಿರಿಯರು ಕೂತು ಹೊಸಬರಿಗೆ ಬೀಗದ ಕೈ ಕೊಡುವವರಿದ್ದರು. ಘಮವಿಲ್ಲದ ಕೈಗೆ ಬೀಗದ ಕೈ ಕೊಡುವುದಿಲ್ಲ ಎನ್ನುವುದು ಹಿಂದಿನಿಂದ ಬಂದ ರೂಢಿ. ಆದರೆ ಕೆಂಪಮ್ಮನಂಥವಳಿಗೆ ಲವಂಗ ಸಿಗುವುದು ಎಲ್ಲಿ? ಅವಳು ಹೊಲಿಸುವವಳಲ್ಲ, ಆಟೋ ಹತ್ತುವವಳಲ್ಲ. ಬೆಳಗಿನಿಂದ ಬೇರೆಯವರ ಕೆಲಸ ಮಾಡುವವಳು ತನ್ನ ಕೆಲಸ ಬೇರೆಯವರಿಂದ ಮಾಡಿಸಿಕೊಳ್ಳುವುದು, ಸೈಕಲ್ ಕೆಟ್ಟಾಗಿನ ರಿಪೇರಿ ಬಿಟ್ಟರೆ, ದಿನಕ್ಕೆ ಒಂದು ಲೋಟ ಕಾಫಿಯಷ್ಟೇ. ಅವಳು ನನ್ನನ್ನು ಕೇಳಲಿಲ್ಲ, ಕೇಳುವಂತೆಯೂ ಇಲ್ಲ. ಬುಧವಾರ ಎದ್ದು ಹೋಗುವಾಗ, "ಶನಿವಾರ ಹೋಗ್ಬರ್ತೀನಿ ಉಗ್ರಪ್ಪಣ್ಣ. ಆಗೋದಿದ್ರೆ ಆಗ್ತದೆ" ಎಂದಳು, ಅಷ್ಟೇ.

ಅವಳು ಬರುವ ಹೊತ್ತಿಗೇ ಒಂದನೇ ಮೇಜಿಗೆ ಜವರಯ್ಯ ಬರುತ್ತಿದ್ದ. ಸೈಕಲ್ ಷಾಪಿನ ಜವರಯ್ಯ ಎಂದರೆ ಊರಿಗೇ ಹೆದರಿಕೆ. ಹದಿನಾಲ್ಕು ವರ್ಷದಲ್ಲಿ ಅವನು ನನ್ನ ಹೆಸರು ಹಿಡಿದು ಕರೆದದ್ದಿಲ್ಲ. ಚಿಟಿಕೆ ಹೊಡೆದು "ಏಯ್" ಎನ್ನುವುದು, ಆಮೇಲೆ "ಕಾಫಿ" ಎನ್ನುವುದು, ಮುಗಿಯಿತು. ತಿಂಡಿ ಏನು ಬೇಕೆಂದು ಕೇಳಿದರೆ ಮುಖ ಆಚೆ ತಿರುಗಿಸುತ್ತಿದ್ದ. ಅವನ ಕೋಪಕ್ಕೆ ಹೆದರಿ ನಾನು ಅವನ ಕಾಫಿಗೆ ಯಾವಾಗಲೂ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿಸುತ್ತಿದ್ದೆ. ಅವನ ಕೈ ಎಂದೂ ಘಮಘಮಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಗುರುವಾರ ಬೆಳಿಗ್ಗೆ ಇಬ್ಬರೂ ಬಂದರು, ಇಬ್ಬರೂ ಕಾಫಿ ಕುಡಿದರು. ನಾನು ಟ್ರೇಯಲ್ಲಿ ಎರಡು ಬಿಲ್ಲಿನ ತಟ್ಟೆ ಇಟ್ಟೆ. ಎರಡರಲ್ಲೂ ಒಂದೊಂದು ಕಾಫಿಯ ಚೀಟಿ, ಮೇಲೆ ಎರಡೆರಡು ಕಾಳು ಸೋಂಪು. ಎಡಗಡೆಯ ಚೀಟಿಯ ಕೆಳಗೆ ಲವಂಗ ಇಟ್ಟೆ. ಎಡಗಡೆಯದು ಕೆಂಪಮ್ಮನದು ಎಂದು ಬಾಯಲ್ಲಿ ಹೇಳಿಕೊಂಡೆ. ಚೀಟಿ ಎತ್ತಿ ಮತ್ತೊಮ್ಮೆ ನೋಡಿದೆ. ಇನ್ನೊಮ್ಮೆಯೂ ನೋಡಿದೆ. ಅಷ್ಟರಲ್ಲಿ ಗಲ್ಲಾದಿಂದ ಐತಾಳರು, "ಉಗ್ರಪ್ಪಾ, ಸ್ವಲ್ಪ ಇಲ್ಲಿ ಬಾ" ಎಂದರು. ಟ್ರೇಯನ್ನು ಕಟ್ಟೆಯ ಮೇಲೆ ಬಿಟ್ಟು ಹೋದೆ. ಅವರ ಮಾತು ಕೇಳಿ ಬಂದು ಟ್ರೇ ಎತ್ತಿಕೊಂಡೆ. ಎತ್ತಿಕೊಂಡದ್ದು ಕಟ್ಟೆಯ ಆಚೆ ಬದಿಯಿಂದ. ಎಡ ಎನ್ನುವುದು ಅಷ್ಟರಲ್ಲಿ ಬಲವಾಗಿತ್ತು, ನನ್ನ ಬಾಯಿ ಮಾತ್ರ ಎಡ ಎಡ ಎನ್ನುತ್ತಲೇ ಇತ್ತು.

ಏಳನೇ ಮೇಜಿನಲ್ಲಿ ಕೆಂಪಮ್ಮ ಚೀಟಿ ಎತ್ತಿದಳು. ಕೆಳಗೆ ಏನೂ ಇರಲಿಲ್ಲ. ಅವಳು ತಟ್ಟೆಯನ್ನು ಒಂದು ಗಳಿಗೆ ನೋಡಿ, ಸೋಂಪು ಬಾಯಿಗೆ ಹಾಕಿಕೊಂಡು, "ಬರ್ತೀನಣ್ಣ" ಎಂದು ಎದ್ದಳು. ಅದೇ ಹೊತ್ತಿಗೆ ಒಂದನೇ ಮೇಜಿನ ಕಡೆಯಿಂದ ಘಮ್ಮೆಂದು ವಾಸನೆ ಎದ್ದಿತು. ಇಡೀ ಹೋಟೆಲು ಆ ಕಡೆ ತಿರುಗಿತು. ಜವರಯ್ಯ ತನ್ನ ಬಲಗೈಯನ್ನು ಯಾರೋ ಬೇರೆಯವರ ಕೈ ಎನ್ನುವಂತೆ ಮುಖದ ಮುಂದೆ ಹಿಡಿದು ಕೂತಿದ್ದ. ಆಮೇಲೆ ಆ ಕೈಯನ್ನು ಜೇಬಿನೊಳಗೆ ಹಾಕಿಕೊಂಡು, ಎಡಗೈಯಲ್ಲಿ ಕಾಸು ಕೊಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ನಾನು ಗಲ್ಲಾದ ಬಳಿಗೆ ಓಡಿದೆ. "ಕೈತಪ್ಪಿ ಕೊಟ್ಟುಬಿಟ್ಟೆ ಯಜಮಾನ್ರೇ. ಅದು ಕೆಂಪಮ್ಮಂದು."

ಐತಾಳರು ತಲೆ ಚಚ್ಚಿಕೊಂಡರು. "ನೀನು ಮೂರು ಸಲ ನೋಡುವುದೇ ತಪ್ಪು ಮಾಡಲಿಕ್ಕೆ ಅಂತ ಕಾಣ್ತದೆ! ಈಗ ಸುಮ್ಮನಿರು. ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕುಂಟಾ?"

"ಶನಿವಾರ ಅವ್ಳಿಗೆ ಬೀಗದ ಕೈ ಸಿಗಲ್ಲ."

"ಸಿಗದಿದ್ದರೆ ಇಲ್ಲ. ಜವರಯ್ಯನ ಹತ್ತಿರ ಮಾತ್ರ ಹೋಗಬೇಡ. ಜನ್ಮಕ್ಕೊಂದು ಸಲ ಸಿಕ್ಕಿದೆ ಅವನಿಗೆ. ಸ್ಪಾನರ್ ತಗೊಂಡು ಹೊಡೀತಾನೆ."

ಶುಕ್ರವಾರ ಮಧ್ಯಾಹ್ನದವರೆಗೂ ತಡೆದುಕೊಂಡೆ. ಕೆಂಪಮ್ಮ ಎಂದಿನಂತೆ ಬಂದು ಕಾಫಿ ಕುಡಿದು, ಎಂದಿನಂತೆಯೇ ನಕ್ಕು ಹೋದಳು. ಅವಳು ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಊಟದ ಗದ್ದಲ ಮುಗಿದ ಮೇಲೆ ಏಪ್ರನ್ನು ಬಿಚ್ಚಿಟ್ಟು ಸೈಕಲ್ ಷಾಪಿಗೆ ಹೋದೆ.

ಜವರಯ್ಯ ಒಂದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ. ನೀರಿನಿಂದಲೂ ಲವಂಗದ ಘಮ ಬರುತ್ತಿತ್ತು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು, ಇದ್ದದ್ದನ್ನು ಇದ್ದಂತೆ ಹೇಳಿದೆ. ಟ್ರೇ ಆಚೆ ಬದಿಯಿಂದ ಎತ್ತಿದ್ದು ಹೇಳಿದೆ. ಶನಿವಾರದ ವಿಷಯ ಹೇಳಿದೆ. "ನೀವು ಅದನ್ನ ವಾಪಸ್ ಕೊಡಿ ಅಂತ ಕೇಳಕ್ಕೆ ಬಂದಿಲ್ಲ ಜವರಯ್ಯನವರೇ. ಕೇಳಿದ್ರೂ ಅದು ಬರಲ್ಲ. ಸುಳ್ಳು ಇಟ್ಕೊಂಡು ನಿಮಗೆ ನಾಳೆ ಕಾಫಿ ಕೊಡಕ್ಕಾಗಲ್ಲ, ಅದಕ್ಕೆ ಬಂದೆ."

ಅವನು ಕೈ ಒರೆಸಿಕೊಂಡು ಎದ್ದ. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಆದರೆ ಅವನು ಸ್ಪಾನರ್ ತೆಗೆದುಕೊಳ್ಳಲಿಲ್ಲ. ಪಂಕ್ಚರ್, ಗಾಳಿ, ಓವರಾಯಿಲಿಂಗ್ ಎಂದು ದರ ಬರೆದು ತೂಗುಹಾಕಿದ್ದ ಸ್ಲೇಟನ್ನು ಇಳಿಸಿ, ಅದರ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬರೆದ: "ನನಗೆ ಯಾರೂ ಬೇಕೂಂತ ಕೊಡಲ್ಲ. ಗೊತ್ತಿತ್ತು."

"ಬಾಯಲ್ಲೇ ಹೇಳಿ" ಎಂದೆ, ಪೆದ್ದನ ಹಾಗೆ.

ಅವನು ನನ್ನನ್ನು ನೋಡಿದ. ಬಾಯಿ ತೆರೆದು, "ಕಾಫಿ" ಎಂದ. ಮತ್ತೆ ಬಾಯಿ ಮುಚ್ಚಿದ.

ಸಂಜೆ ಶಾಲೆಯ ಕಪ್ಪು ಹಲಗೆ ನನ್ನ ಕಣ್ಣ ಮುಂದೆ ಬಂತು. ಕ ಕಂಠದಿಂದ, ಪ ಫ ಬ ತುಟಿಯಿಂದ. ತ ದ ನ ಲ ಸ ಹೇಳಬೇಕಾದರೆ ನಾಲಿಗೆಯ ತುದಿ ಬೇಕು ಎಂದು ಮೇಷ್ಟ್ರು ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಅದು ಸಾಲದೆಂದು ನಾನೇ ಒಂದು ವಾರ "ಬೇಕಾ? ಕಾಫಿ?" ಎಂದು ಓಡಾಡಿದ್ದೆ. ಹದಿನಾಲ್ಕು ವರ್ಷ ಜವರಯ್ಯನ ಬಾಯಿಂದ "ಏಯ್", "ಕಾಫಿ" ಎನ್ನುವ ಎರಡೇ ಸದ್ದು ಕೇಳಿಸಿಕೊಂಡು ಅದನ್ನು ಸೊಕ್ಕು ಎಂದುಕೊಂಡಿದ್ದೆನಲ್ಲ!

ಜವರಯ್ಯ ಬೆಂಚಿನ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ಎಳೆದು ಮುಚ್ಚಳ ತೆಗೆದ. ಒಳಗೆ ಅರ್ಧಕ್ಕೂ ಮೇಲೆ ಲವಂಗ. ತಳದಲ್ಲಿದ್ದವು ಒಣಗಿ ಪುಡಿಯಾಗಿದ್ದವು.

"ಯಾರಿಗೂ ಕೊಟ್ಟೇ ಇಲ್ವಾ?"

ಸ್ಲೇಟನ್ನು ಅಂಗಿಯ ತೋಳಿನಲ್ಲಿ ಒರೆಸಿ ಬರೆದ: "ಯಾರಿಗೆ ಕೊಡೋದು? ಇವ್ನಿಗೆ ಕೊಟ್ರೆ ಅವ್ನಿಗೆ ಅನ್ಯಾಯ." ಒರೆಸಿದ. "ಮುಂದಿನ ವಾರ ಸರಿಯಾಗಿ ನೋಡಿ ಕೊಡಾಣ ಅಂತಿದ್ದೆ." ಮತ್ತೆ ಒರೆಸಿದ. "ವಾರ ಹೋಯ್ತು."

ಆ ಮೂರು ಸಾಲುಗಳನ್ನು ನಾನೇ ಬರೆದಿರಬಹುದಿತ್ತು. ಮೊದಲ ವಾರ ಜನ ನಗದೇ ಇದ್ದಿದ್ದರೆ ನನ್ನ ಮಂಚದ ಕೆಳಗೂ ಇಂಥದ್ದೊಂದು ಡಬ್ಬ ಇರುತ್ತಿತ್ತು. ಕೆಂಪಮ್ಮನಿಗೆ ಒಂದು ಕೊಡು ಎಂದು ಅವನಿಗೆ ಹೇಳುವಂತಿರಲಿಲ್ಲ. ಕೇಳಿದರೆ ಘಮ ಹೋಗುತ್ತದೆ. ಜವರಯ್ಯ ಡಬ್ಬ ಮುಚ್ಚಿ ಬೆಂಚಿನ ಕೆಳಗೆ ತಳ್ಳಿ, ಟ್ಯೂಬಿನ ಮುಂದೆ ಬೆನ್ನು ತಿರುಗಿಸಿ ಕೂತ. ನಾನು ಹೊರಟು ಬಂದೆ.

ಶನಿವಾರ ಐತಾಳರಿಂದ ಒಂದು ಗಂಟೆ ರಜೆ ಪಡೆದು ನೀರಿನ ಮನೆಗೆ ಹೋದೆ. ಜಗಲಿಯ ಮೇಲೆ ಮೂವರು ಹಿರಿಯರು ಕೂತಿದ್ದರು. ನಡುವೆ ಇದ್ದವರು ದ್ಯಾವಮ್ಮಜ್ಜಿ, ನಲವತ್ತು ವರ್ಷ ಹೆರಿಗೆ ಮಾಡಿಸಿದ ಸೂಲಗಿತ್ತಿ. ಊರಿನ ಅರ್ಧ ಜನರನ್ನು ಮೊದಲು ಹಿಡಿದ ಕೈ ಅವರದು. ಕೆಂಪಮ್ಮ ಬೇರೆ ಸೀರೆ ಉಟ್ಟು ಬಂದಿದ್ದಳು. ಅಜ್ಜಿ ಅವಳ ಎರಡೂ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಮೆಲ್ಲಗೆ ಬಿಟ್ಟರು.

"ಕೈ ಚೊಕ್ಕವಾಗಿದೆ ಕಣವ್ವ. ಆದ್ರೆ ಘಮ ಇಲ್ಲ."

ನಾನು ಜನರ ನಡುವಿನಿಂದ ಮುಂದೆ ಬಂದೆ. "ಇರಬೇಕಿತ್ತು ಅಜ್ಜಿ. ನನ್ನ ಲವಂಗ ಅವ್ಳಿಗೇ ಇಟ್ಟಿದ್ದು. ಕೈತಪ್ಪಿ ಬೇರೆಯವ್ರಿಗೆ ಹೋಯ್ತು. ತಪ್ಪು ನನ್ದು. ಅದಕ್ಕೆ ಅವಳ ಕೆಲಸ ಹೋಗ್ಬಾರ್ದು."

"ಬೇರೆ ಯಾರಿಗೆ ಹೋಯ್ತು?"

ಹೇಳಬೇಕೋ ಬೇಡವೋ ಎನ್ನುವಷ್ಟರಲ್ಲಿ ಹಿಂದೆ ಘಮ್ಮೆಂದಿತು. ಜನ ದಾರಿ ಬಿಟ್ಟರು. ಜವರಯ್ಯ ಗ್ರೀಸಿನ ಅಂಗಿಯಲ್ಲೇ ಬಂದಿದ್ದ.

ದ್ಯಾವಮ್ಮಜ್ಜಿ ಅವನ ಕೈ ಹಿಡಿದು ಮೂಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಇದು ಕೈತಪ್ಪಿ ಹೋಗಿದ್ದು ಅಂತೀಯಲ್ಲಪ್ಪ. ಬೇಕಾಗಿ ಕೊಡದೇ ಇದ್ದಿದ್ರೆ ಇಷ್ಟು ಘಮ ಎಲ್ಲಿಂದ ಬರ್ಬೇಕು? ಕೈ ತಪ್ಪಿಲ್ಲ ಬಿಡು. ನಿನ್ನ ತಲೆ ಒಂದು ಅಂದ್ಕೊಂಡಿತ್ತು, ಕೈ ಒಂದು ಅಂದ್ಕೊಂಡಿತ್ತು."

ನನಗೆ ಆಗ ಒಂದನೇ ಮೇಜು ಕಣ್ಣಿಗೆ ಕಟ್ಟಿತು. ದಿನಾ ಜವರಯ್ಯ ಎದ್ದು ಹೋದ ಮೇಲೆ ಆ ಮೇಜು ಹೇಗಿರುತ್ತಿತ್ತು? ಲೋಟ ಬಟ್ಟಲೊಳಗೆ, ಬಟ್ಟಲು ನನ್ನ ಕೈಗೆ ಎಟುಕುವ ಅಂಚಿನಲ್ಲಿ. ಕಾಫಿ ಚೆಲ್ಲಿದ ಉಂಗುರವನ್ನು ಅವನು ತನ್ನ ಕರ್ಚೀಫಿನಲ್ಲೇ ಒರೆಸಿರುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ನಾನು ಬಟ್ಟೆ ಹಾಕಿ ಒರೆಸದೆ ಬಿಡುತ್ತಿದ್ದ ಮೇಜು ಅದೊಂದೇ. ಇದು ನನಗೆ ಎಂದೂ ಹೊಳೆದಿರಲಿಲ್ಲ. ಒರೆಸುವ ಕೈಗೆ ದಿನಾ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಜವರಯ್ಯ ಜೇಬಿಗೆ ಕೈ ಹಾಕಿ ಒಂದು ಲವಂಗ ತೆಗೆದ. ಕೆಂಪಮ್ಮನ ಮುಂದೆ ಹೋಗಿ ನಿಂತ. ಅವಳು ಗಾಬರಿಯಾಗಿ, "ನಾನು ಕೇಳಿಲ್ಲ ಜವರಣ್ಣ" ಎಂದಳು. ಅವನು ತಲೆಯಲ್ಲಾಡಿಸಿ ಅವಳ ಅಂಗೈಯಲ್ಲಿ ಅದನ್ನಿಟ್ಟು, ಬೆರಳುಗಳನ್ನು ಮಡಿಸಿದ.

ಒಂದು ಗಳಿಗೆ ಏನೂ ಆಗಲಿಲ್ಲ. ಅದು ಎಷ್ಟು ಹಳೆಯದೋ, ಡಬ್ಬದ ತಳದ್ದೋ ಮೇಲಿನದೋ ಎಂದು ನನಗೆ ಚಿಂತೆ ಹತ್ತಿತು. ನಾನು ನಿನ್ನೆ ಅವನಿಗೆ ಹೇಳಿದ್ದೇ ಬಾಯಿಬಿಟ್ಟು ಕೇಳಿದ ಹಾಗಾಯಿತೇ ಎಂದು ಹೆದರಿದೆ. ಆಮೇಲೆ ಕೆಂಪಮ್ಮನ ಮುಷ್ಟಿಯಿಂದ ಘಮ ಬಂತು. ಮೊದಲು ಸಣ್ಣಗೆ, ಹಿಂದೆಯೇ ಜಗಲಿ ತುಂಬುವಷ್ಟು. ಅಜ್ಜಿ ಅವಳ ಕೈ ಹಿಡಿದು ಮೂಸುವ ಅಗತ್ಯವೇ ಬೀಳಲಿಲ್ಲ.

"ತೊ... ತೊಳೆದು ತರ್ತಾಳೆ" ಎಂದಿತು ಯಾರದೋ ದನಿ.

ಜವರಯ್ಯನದು. ಅವನೇ ಬೆಚ್ಚಿದ. ನಾಲಿಗೆಯನ್ನು ಹಲ್ಲಿಗೆ ತಾಗಿಸಿ ನೋಡಿಕೊಂಡು ಮತ್ತೆ ಹೇಳಿದ: "ಸೈಕಲ್ಲು. ರಿಪೇರಿಗೆ ತರೋ ಮುಂಚೆ ಗಾಲಿ ಕೆಸರು ತೊಳೆದು ತರ್ತಾಳೆ ಅಜ್ಜಿ. ನನ್ನ ಕೈ ಕೊಳೆ ಆಗ್ಬಾರ್ದು ಅಂತ! ಗ್ರೀಸು ಮೆತ್ಕೊಂಡಿರೋ ಈ ಕೈಗೆ! ಯಾವ ಗಿರಾಕಿ ತರ್ತಾನೆ ಹಂಗೆ, ಹೇಳಿ ನೋಡಾಣ? ಆರು ವರ್ಷದಿಂದ ಇವ್ಳಿಗೇ ಕೊಡ್ಬೇಕು ಅಂದ್ಕೋತಿದ್ದೆ. ಇನ್ನೂ ಒಳ್ಳೆಯೋರು ಯಾರಾದ್ರೂ ಬಂದ್ಬಿಟ್ರೆ ಅಂತ ಹಿಡ್ಕೊಂಡು ಕೂತಿದ್ದೆ. ಬರ್ಲಿಲ್ಲ ಅಜ್ಜಿ, ಯಾರೂ ಬರ್ಲಿಲ್ಲ."

"ಸಾಕು ಸುಮ್ನಿರೋ, ಒಂದೇ ದಿನ ಎಲ್ಲಾ ಖರ್ಚು ಮಾಡ್ಬೇಡ" ಎಂದು ಅಜ್ಜಿ ನಕ್ಕರು. ಸೊಂಟದಿಂದ ಬೀಗದ ಕೈ ಬಿಚ್ಚಿ ಕೆಂಪಮ್ಮನಿಗೆ ಕೊಟ್ಟರು. ಕೆಂಪಮ್ಮ ಅದನ್ನು ತೆಗೆದುಕೊಂಡು, ಅಳುವುದೋ ನಗುವುದೋ ತಿಳಿಯದೆ, "ಮೊದ್ಲು ಯಾವ ಬೀದಿಗೆ ಬಿಡ್ಲಿ?" ಎಂದು ಕೇಳಿದಳು.

ನಾನು ಹೋಟೆಲಿಗೆ ವಾಪಸ್ ನಡೆದು ಬರುವಾಗ ಬಹಳ ದಿನದ ಮೇಲೆ ಉಸಿರು ಕೆಳಗಿನವರೆಗೂ ಹೋಗಿ ಬಂತು. ಐತಾಳರು ಗಲ್ಲಾದಿಂದಲೇ, "ಎಂತ ಆಯ್ತು?" ಎಂದರು. "ಕೈ ತಪ್ಪಿರ್ಲಿಲ್ಲವಂತೆ ಯಜಮಾನ್ರೇ" ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ.

ಸೋಮವಾರ ಬೆಳಿಗ್ಗೆ ನಮ್ಮ ಬೀದಿಯ ನಲ್ಲಿಯಲ್ಲಿ ಹೊತ್ತಿಗೆ ಸರಿಯಾಗಿ ನೀರು ಬಂತು. ಏಳನೇ ಮೇಜಿಗೆ ಕೆಂಪಮ್ಮ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಒಂದನೇ ಮೇಜಿಗೆ ಜವರಯ್ಯ ಬಂದು ಕೂತ. ಅಭ್ಯಾಸಬಲದಿಂದ ಚಿಟಿಕೆ ಹೊಡೆಯಲು ಬೆರಳೆತ್ತಿದವನು ಹಾಗೇ ಕೆಳಗಿಳಿಸಿದ.

"ಉಗ್ರಪ್ಪನವರೇ."

"ಹೇಳಿ ಜವರಯ್ಯನವರೇ. ಕಾಫಿನಾ?"

"ಕಾಫಿ ಸುದ್ದಿ ಎತ್ಬೇಡಿ ಮೊದ್ಲು. ಹದಿನಾಲ್ಕು ವರ್ಷದಿಂದ ಹೇಳ್ಬೇಕು ಅಂತಿದ್ದೆ. ಅದೇನ್ರೀ ಅದು, ಕಾಫಿನೋ ಪಾಯಸನೋ? ಸಕ್ಕರೆ ಸುರಿದು ಸುರಿದು ನನ್ನ ಹಲ್ಲೆಲ್ಲ ಹಾಳಾಗಿ ಹೋಯ್ತು!"

ಹೋಟೆಲು ಇಡೀ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ ಇರಬೇಕು. ಟ್ರೇ ಮೇಲಿನ ಲೋಟಗಳು ಗಲಗಲ ಎಂದವು. ಜವರಯ್ಯ ನಗು ನಿಲ್ಲುವವರೆಗೂ ಕಾದ. ಆಮೇಲೆ ಮೇಜಿನ ಮೇಲೆ ಎರಡೂ ಕೈ ಊರಿ, ಕಣ್ಣು ಮುಚ್ಚಿ, ಒಂದೊಂದು ಅಕ್ಷರವನ್ನೂ ನಾಲಿಗೆಯ ತುದಿಯಲ್ಲಿ ಮುಟ್ಟಿ ನೋಡುತ್ತಾ ಹೇಳಿದ:

"ದೋ... ಸೆ."

"ಎಷ್ಟು?"

"ಎರಡು ತನ್ನಿ" ಎಂದ ಜವರಯ್ಯ. "ಇನ್ನೊಂದ್ಸಲ ಹೇಳ್ಬೇಕು ಅನ್ನಿಸಿದ್ರೆ ಮತ್ತೆ ಕರೀತೀನಿ."